ಒಳ್ಳೆಯ ಸಾವಿನ ಮನೆತನ

2024 ಜನವರಿ 18, ಗುರುವಾರ

ಮೊದಲು ಕೋಪ ಬರೆದು ಮುಗಿಸುತ್ತೇನೆ, ಉಳಿದದ್ದು ಆಮೇಲೆ. ಮಡಿಕೇರಿ ಆಸ್ಪತ್ರೆಯ ಆ ಡಾಕ್ಟರಮ್ಮ ನಮ್ಮನ್ನು ಕೇಳಿದ ರೀತಿ ಸರಿಯಿರಲಿಲ್ಲ. ನಾನು ಇಪ್ಪತ್ತನಾಲ್ಕು ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿರುವವಳು, ಪ್ರಶ್ನೆ ಕೇಳುವುದಕ್ಕೂ ಕೆದಕುವುದಕ್ಕೂ ಇರುವ ವ್ಯತ್ಯಾಸ ನನಗೆ ಗೊತ್ತು.

ಆದದ್ದಿಷ್ಟು. ಬೆಳಿಗ್ಗೆ ದೇವಸ್ಥಾನದಲ್ಲಿ ಅಭಿಷೇಕ ಮಾಡುವಾಗ ಅಣ್ಣನ ಕೈಯಿಂದ ಗಂಟೆ ಜಾರಿ ಬಿತ್ತು. ಎತ್ತಿಕೊಳ್ಳಲು ಹೋದರೆ ಬಲಗೈ ಮಾತು ಕೇಳಲಿಲ್ಲ. ಬಾಯಿ ಒಂದು ಕಡೆಗೆ ಎಳೆದುಕೊಂಡಿತು, ಮಂತ್ರ ಗಂಜಿಯಾಯಿತು. ಕಾಲು ಗಂಟೆಯಲ್ಲಿ ಎಲ್ಲ ಸರಿಹೋಯಿತಂತೆ. ಅತ್ತಿಗೆ ವಿಭಾ ಶಾಲೆಗೆ ಫೋನ್ ಮಾಡಿದಾಗ ಅಣ್ಣ ಕಾಫಿ ಕುಡಿಯುತ್ತ ಕೂತಿದ್ದ, ಬರಲ್ಲ ಅಂತ ಹಟ. ಅಮ್ಮತ್ತಿಯಿಂದ ಮಡಿಕೇರಿವರೆಗೂ ಕಾರಿನಲ್ಲಿ ಮುಖ ಆಚೆ ತಿರುಗಿಸಿಕೊಂಡೇ ಇದ್ದ.

ರಕ್ತದೊತ್ತಡ ನೂರ ಎಂಬತ್ತು ದಾಟಿತ್ತು. ಡಾಕ್ಟರಮ್ಮ ಕೇಳಿದಳು: "ನಿಮ್ಮ ತಂದೆ, ತಾಯಿ, ಅಜ್ಜ, ಯಾರಿಗಾದ್ರೂ ಸ್ಟ್ರೋಕ್ ಆಗಿತ್ತಾ?"

ಅಣ್ಣ ಕೂಡಲೇ ಹೇಳಿದ: "ನಮ್ಮ ಮನೆತನದಲ್ಲಿ ಅಂಥದ್ದು ಯಾರಿಗೂ ಇಲ್ಲ."

ನಾನೂ ದನಿಗೂಡಿಸಿದೆ. ಅಜ್ಜ ಅಭಿಷೇಕ ಮಾಡುತ್ತ ದೇವರ ಮುಂದೆಯೇ ಹೋದರು. ಅಪ್ಪ ವಾರ್ಷಿಕೋತ್ಸವದ ಮಂಗಳಾರತಿ ಎತ್ತಿದವರು ಹಾಗೆಯೇ ದೇವರ ಪಾದದಲ್ಲಿ ಹೋದರು. ಹಾಸಿಗೆ ಹಿಡಿದವರು ನಮ್ಮಲ್ಲಿ ಒಬ್ಬರೂ ಇಲ್ಲ. ಇದನ್ನು ಹೇಳಿದರೆ ಊರಲ್ಲಿ ಜನ ಕೈ ಮುಗಿಯುತ್ತಾರೆ. ಈಕೆ ಪೆನ್ನು ನಿಲ್ಲಿಸಿ, "ಎಷ್ಟು ವಯಸ್ಸಾಗಿತ್ತು? ಬಿದ್ದಾಗ ಮಾತಾಡ್ತಿದ್ರಾ? ಯಾವ ಕಡೆ ಬಿದ್ರು?" ಎಂದಳು. ಐವತ್ತನಾಲ್ಕು, ಐವತ್ತೆರಡು ಎಂದೆ. ಮಿಕ್ಕದ್ದಕ್ಕೆ ಉತ್ತರ ಕೊಡಲಿಲ್ಲ. ಹಾಳೆಯ ಮೇಲೆ ಏನೋ ಬರೆದು ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಂಡಳು. ಪುಣ್ಯದ ಸಾವನ್ನೂ ಕಾಯಿಲೆ ಮಾಡಿಬಿಡುತ್ತಾರೆ ಈ ಜನ.

ಮೂರು ಥರ ಮಾತ್ರೆ ಕೊಟ್ಟಿದ್ದಾಳೆ. ಇದು ಎಚ್ಚರಿಕೆ ಅಷ್ಟೆ, ಮಾತ್ರೆ ತಪ್ಪಿಸಿದರೆ ಮುಂದಿನದು ದೊಡ್ಡದು ಬರಬಹುದು ಅಂದಳು. ನನ್ನ ಕಡೆ ತಿರುಗಿ, "ನೀವೂ ಒಮ್ಮೆ ಬಿ.ಪಿ. ನೋಡಿಸ್ಕೊಳ್ಳಿ" ಅಂದಳು. ನನಗೆ ಕ್ಲಾಸ್ ಇದೆ ಎಂದು ಎದ್ದುಬಂದೆ.

ಜನವರಿ 27, ಶನಿವಾರ

ಅಣ್ಣ ಮಾತ್ರೆ ನುಂಗುತ್ತಿಲ್ಲ. ಮಾತ್ರೆಯ ಪಟ್ಟಿ ಒಡೆಯದೆ ಹಾಗೇ ಇದೆ ಎಂದು ವಿಭಾ ತಂದು ತೋರಿಸಿದಳು. ಕೇಳಿದರೆ, "ಮನೆತನದಲ್ಲಿ ಇಲ್ಲದ ರೋಗಕ್ಕೆ ಮಾತ್ರೆ ಯಾಕೆ? ಅವತ್ತು ಉಪವಾಸ ಇದ್ದೆ, ತಲೆ ತಿರುಗಿತು" ಅನ್ನುತ್ತಾನೆ. ಅಪ್ಪನ ಹಾಗೆ ಹೋಗುವ ಯೋಗ ಇದ್ದರೆ ಅದಕ್ಕಿಂತ ಬೇರೇನು ಬೇಕು ಅಂತ ಬೇರೆ. ಇವನಿಗೆ ಇಪ್ಪತ್ತೊಂದು ವರ್ಷದ ಮಗಳಿದ್ದಾಳೆ. ಹಂಸಿನಿಯ ಓದು ಇನ್ನೂ ಮುಗಿದಿಲ್ಲ. ಅಂಥವನಿಗೆ ಹೋಗುವ ಯೋಗದ ಚಿಂತೆ.

ಹತ್ತನೇ ತರಗತಿಯ ಹಿಂದಿನ ಬೆಂಚಿನವರಿಗೂ ಇವನಿಗಿಂತ ಬುದ್ಧಿ ಇದೆ. ಹೇಳಿ ಹೇಳಿ ನನಗೇ ತಲೆನೋವು. ಈ ವಾರ ಇದು ಮೂರನೇ ಸಲ, ಸೀಮೆಸುಣ್ಣದ ಧೂಳಿರಬೇಕು.

ಫೆಬ್ರವರಿ 4, ಭಾನುವಾರ

ದೇವಸ್ಥಾನ ಸಮಿತಿಯ ಕಾರ್ಯದರ್ಶಿ ಮಿಲನ್ ಬಂದಿದ್ದ. ಎಸ್ಟೇಟಿನ ಕಾಫಿ ಪಿಕ್ಕಿಂಗ್ ಮುಗಿಯಿತು, ಇನ್ನು ದೇವರ ಕೆಲಸಕ್ಕೆ ಕೈ ಬಿಡುವು ಅಂದ. ಏಪ್ರಿಲಿನ ವಾರ್ಷಿಕೋತ್ಸವಕ್ಕೆ ಒಂದು ಕಲ್ಲು ನಿಲ್ಲಿಸುತ್ತಾರಂತೆ, ಅಜ್ಜ ಮತ್ತು ಅಪ್ಪನ ಹೆಸರಲ್ಲಿ.

"ಇಬ್ರೂ ಗರ್ಭಗುಡಿಯಲ್ಲೇ ದೇವರ ಹತ್ರ ಸೇರಿದೋರು. ಅಂಥ ಮನೆತನ ಇಡೀ ಕೊಡಗಲ್ಲಿ ಎಲ್ಲುಂಟು ಟೀಚರೇ? ನೀವೇ ಒಂದು ಹತ್ತು ಸಾಲು ಬರೆದು ಕೊಡಿ. ನಾವು ಬರೆದ್ರೆ ನೂರು ತಪ್ಪು."

ಬರೆದುಕೊಡುತ್ತೇನೆ ಎಂದೆ. ಹೆಮ್ಮೆಯಾಯಿತು, ಯಾಕೆ ಸುಳ್ಳು ಹೇಳಲಿ. ಅಣ್ಣನ ಮುಖ ಮಾತ್ರ ಸಪ್ಪೆ. "ಕಲ್ಲೆಲ್ಲ ಯಾಕೆ" ಎಂದು ಗೊಣಗಿ ಹೂವಿನ ಬುಟ್ಟಿ ತೆಗೆದುಕೊಂಡು ಹೋದ. ಮಾತ್ರೆ ಬೇಡ, ಕಲ್ಲೂ ಬೇಡ, ಇವನಿಗೆ ಬೇಕಾದದ್ದು ಏನು ಎಂದೇ ತಿಳಿಯುವುದಿಲ್ಲ.

ಫೆಬ್ರವರಿ 9, ಶುಕ್ರವಾರ

ಶಾಲೆಯಲ್ಲಿ ಆರೋಗ್ಯ ತಪಾಸಣೆ. ಎಲ್ಲ ಟೀಚರುಗಳೂ ಕೈ ಚಾಚಬೇಕೆಂದು ಹೆಡ್‌ಮಾಸ್ಟರ ಹಟ. ಬಿ.ಪಿ. ಮಿಷನ್ನು ನನ್ನದು ನೂರ ಅರವತ್ತನಾಲ್ಕು ತೋರಿಸಿತು. ಬೆಳಗಿಂದ ಎಂಟನೇ ಕ್ಲಾಸಿನವರು ಅದರ ಬಲೂನು ಒತ್ತಿ ಒತ್ತಿ ಆಡುತ್ತಿದ್ದರು, ಮಿಷನ್ನು ಕೆಟ್ಟಿದೆ. ಹಾಗೆಂದು ಆ ನರ್ಸಿಗೆ ಹೇಳಿಯೂ ಬಂದೆ.

ಫೆಬ್ರವರಿ 11, ಭಾನುವಾರ

ಕಲ್ಲಿನ ಬರಹ ಎಂಟು ಸಾಲಿಗೆ ನಿಂತಿದೆ.

ಕ್ರಮವಾಗಿ ಬರೆಯೋಣ ಎಂದು ಹೊರಟೆ. ಇಂಥ ದಿನ ದೈವಾಧೀನರಾದರು, ಇಂಥ ದಿನ ಶುದ್ಧಿ ಕಲಶ ನಡೆದು ಪೂಜೆ ಮತ್ತೆ ಶುರುವಾಯಿತು, ಅಂತ. ಗರ್ಭಗುಡಿಯೊಳಗೆ ಸಾವಾದರೆ ಬಾಗಿಲು ಹಾಕಲೇಬೇಕು, ಶುದ್ಧಿಯಾಗದೆ ದೀಪ ಹಚ್ಚುವ ಹಾಗಿಲ್ಲ. ಹೋದ ವರ್ಷ ಒಂದು ಬಾವಲಿ ಒಳಗೆ ಸತ್ತು ಬಿದ್ದದ್ದಕ್ಕೆ ಅಣ್ಣ ಎರಡು ದಿನ ಬಾಗಿಲು ಮುಚ್ಚಿ, ಕಲಶ ಹೂಡಿ, ಇಡೀ ಗುಡಿ ತೊಳೆಸಿದ. ಬಾವಲಿಗೆ ಅಷ್ಟಾದರೆ ಮನುಷ್ಯನಿಗೆ ಎಷ್ಟಾಗಬೇಕು?

ದಿನಾಂಕ ಕೇಳಲು ಹೋದೆ. ಅಣ್ಣ ಗಂಧ ತೇಯುತ್ತಿದ್ದ. ಕೈ ನಿಂತಿತು.

"ಅದೆಲ್ಲ ಕಲ್ಲಲ್ಲಿ ಬೇಡ ಕಾತಿ."

"ಬೇಡ ಸರಿ. ಯಾವತ್ತು ಅಂತ ಹೇಳು."

"ನೆನಪಿಲ್ಲ ಅಂದೆನಲ್ಲ." ಅಂದಿರಲಿಲ್ಲ. ಎದ್ದು ಒಳಗೆ ಹೋಗಿ ಬಾಗಿಲು ಎಳೆದುಕೊಂಡ. ಅಪ್ಪ ಸತ್ತ ವಾರದ್ದು ನೆನಪಿಲ್ಲದ ಮಗ ಎಲ್ಲಿರುತ್ತಾನೆ. ಅಪ್ಪ ಹೋದಾಗ ನಾನು ಮೈಸೂರಿನಲ್ಲಿ ಬಿ.ಎಡ್ ಪರೀಕ್ಷೆ ಬರೆಯುತ್ತಿದ್ದೆ. ಇಲ್ಲಿದ್ದವನು ಇವನೇ. ನಾಳೆ ವನಜಮ್ಮನನ್ನು ಕೇಳುತ್ತೇನೆ, ಐವತ್ತು ವರ್ಷದಿಂದ ಆ ಅಂಗಳ ಗುಡಿಸಿ ಹೂ ಕಟ್ಟುತ್ತಿರುವವಳಿಗೆ ನೆನಪಿಲ್ಲದ್ದು ಯಾವುದೂ ಇಲ್ಲ.

ಫೆಬ್ರವರಿ 12, ಸೋಮವಾರ

ಎರಡು ಸಲ ಬರೆದು ಹಾಳೆ ಹರಿದೆ. ಆದರೂ ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿಡಬೇಕು.

"ಶುದ್ಧಿಯಾ? ಎಂತ ಶುದ್ಧಿ ಟೀಚರಮ್ಮ? ಸತ್ತಿದ್ರಲ್ವಾ ಶುದ್ಧಿ," ಎಂದಳು ವನಜಮ್ಮ. ಹೂವಿನ ಎಳೆಯಿಂದ ತಲೆಯನ್ನೂ ಎತ್ತಲಿಲ್ಲ. ನನಗೆ ಇದೆಲ್ಲ ಗೊತ್ತೇ ಇದೆ ಎಂದುಕೊಂಡಿದ್ದಳು.

ಅಪ್ಪ ಗರ್ಭಗುಡಿಯಲ್ಲಿ ಸಾಯಲಿಲ್ಲ. ಉತ್ಸವದ ಮೊದಲನೇ ದಿನ ಮಂಗಳಾರತಿ ಎತ್ತುವಾಗ ಬಲಗಡೆಗೆ ವಾಲಿ ಬಿದ್ದರು. ಕಣ್ಣು ಬಿಟ್ಟೇ ಇದ್ದರು, ಉಸಿರಿತ್ತು, ಮಾತಿರಲಿಲ್ಲ. ಎತ್ತಿಕೊಂಡು ಹೋಗಿ ನೈವೇದ್ಯದ ಅಡುಗೆ ಕೋಣೆಯಲ್ಲಿ ಚಾಪೆಯ ಮೇಲೆ ಮಲಗಿಸಿದರು. ಹಿಡಿದ ಪೂಜೆ ಅರ್ಧಕ್ಕೆ ಬಿಡುವ ಹಾಗಿಲ್ಲವಲ್ಲ. ಸಮಿತಿಯ ಹಿರಿಯರು ಅಣ್ಣನಿಗೆ ಹೇಳಿದರು, ಅಣ್ಣ ಒದ್ದೆ ಪಂಚೆಯಲ್ಲಿ ಒಳಗೆ ಹೋಗಿ ಆರತಿ ಎತ್ತಿಕೊಂಡ. ಮಂಗಳಾರತಿ, ನೈವೇದ್ಯ, ಮಹಾಪೂಜೆ, ಪ್ರಸಾದ ಹಂಚುವುದು. ಹನ್ನೊಂದಕ್ಕೆ ಬಿದ್ದವರನ್ನು ಜೀಪಿಗೆ ಹತ್ತಿಸಿದ್ದು ಒಂದೂವರೆಗೆ.

"ನಿಮ್ಮಮ್ಮ ಬೀಸಣಿಗೆ ಬೀಸ್ತಾ ಕೂತಿದ್ರು. ನಾನು ಬಾಯಿಗೆ ನೀರು ಬಿಟ್ಟೆ, ಎಲ್ಲ ಆಚೆ ಬಂತು."

ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು. ಎಡಗೈಯಲ್ಲಿ ಹೊದಿಕೆ ಮೇಲೆ ಏನೋ ಗೀಚುತ್ತಿದ್ದರು, ಯಾರಿಗೂ ಓದಲು ಬರಲಿಲ್ಲ. "ನಿಮಗೆ ಪರೀಕ್ಷೆ ಇತ್ತಲ್ಲಾ. ಹೇಳೋದು ಬೇಡ ಅಂದ್ರು."

ನನಗೆ ಫೋನ್ ಬಂದದ್ದು ಐದನೇ ದಿನ. ಕೊನೆಯ ದಿನದ ಮಂಗಳಾರತಿಯಲ್ಲಿ ದೇವರ ಪಾದ ಸೇರಿದರು ಎಂದರು. ನಾನು ಬಸ್ಸಿನಲ್ಲಿ ಅಳುತ್ತ ಬಂದೆ, ಅಳುವಿನ ನಡುವೆ ಸಮಾಧಾನವೂ ಇತ್ತು, ಒಂದು ಕ್ಷಣವೂ ನರಳಲಿಲ್ಲವಲ್ಲ ಅಂತ. ಇಪ್ಪತ್ತಾರು ವರ್ಷ ಆ ಸಮಾಧಾನವನ್ನು ಕಂಡವರಿಗೆಲ್ಲ ಹಂಚಿದ್ದೇನೆ.

ಅಜ್ಜನ ಕಥೆಯೂ ಅಷ್ಟೇ. ವನಜಮ್ಮನಿಗೆ ಆಗ ಹದಿನಾರು. ಹಿಂದಿನ ಕೋಣೆಯಲ್ಲಿ ಹನ್ನೊಂದು ತಿಂಗಳು ಮಲಗಿದ್ದರಂತೆ, ಬಟ್ಟೆ ಒಗೆಯುತ್ತಿದ್ದದ್ದು ಅವಳ ತಾಯಿ. ಲಕ್ವ ಅಂತ ಆಗಲೇ ಎಲ್ಲರಿಗೂ ಗೊತ್ತಿತ್ತು. ಆ ಕೋಣೆಯಲ್ಲೇ ನಾನು ಓದಿ ಬೆಳೆದದ್ದು. ಯಾರೂ, ತೀರಿಹೋದ ಅಮ್ಮನೂ, ನನಗೊಂದು ಮಾತು ಹೇಳಲಿಲ್ಲ.

ಫೆಬ್ರವರಿ 13, ಮಂಗಳವಾರ

ಶಾಲೆಗೆ ಹೋಗಲಿಲ್ಲ. ನಾಲ್ಕು ದಿನ ಬದುಕಿದ್ದರು. ಮೈಸೂರಿಂದ ಅರ್ಧ ದಿನದ ದಾರಿಯೂ ಅಲ್ಲ.

ಫೆಬ್ರವರಿ 18, ಭಾನುವಾರ

ಪೂಜೆ ಮುಗಿಯುವವರೆಗೆ ಅಂಗಳದಲ್ಲಿ ಕಾದೆ. ಜನ ಖಾಲಿಯಾದ ಮೇಲೆ ಅಡುಗೆ ಕೋಣೆಗೆ ಹೋಗಿ ಕೇಳಿದೆ. ಅಣ್ಣ ಇಲ್ಲ ಅನ್ನಲಿಲ್ಲ. ಗೋಡೆಗೆ ಒರಗಿ ನೆಲದ ಮೇಲೆ ಕೂತ. ಚಾಪೆ ಹಾಸಿದ್ದು ಅಲ್ಲೇ ಅಂತೆ.

"ಬಿಟ್ಟು ಹೋಗು ಅಂತ ಯಾರೂ ಹೇಳಲಿಲ್ಲ ಕಾತಿ. ಹಿಡಿದ ಪೂಜೆ ಬಿಡಬಾರದು ಅಂತ ಕಲಿಸಿದ್ದೇ ಅಪ್ಪ. ಮುಗಿಸಿ ಬಂದ್ರೆ ಅವರಿಗೇ ಖುಷಿಯಾಗತ್ತೆ ಅಂದ್ಕೊಂಡೆ. ಎರಡೂವರೆ ಗಂಟೆ ಮಂತ್ರ ಹೇಳಿದೆ. ಒಂದಕ್ಷರ ತಪ್ಪಲಿಲ್ಲ."

ಮತ್ತೆ ಅದನ್ನೇ ಅಂದ, "ಒಂದಕ್ಷರವೂ ತಪ್ಪಲಿಲ್ಲ ನೋಡು," ಅಂತ.

ಆಮೇಲೆ ಜನ ಪುಣ್ಯಾತ್ಮ ಎಂದರು, ದೇವರೇ ಕರೆಸಿಕೊಂಡ ಎಂದರು. ನಾಲ್ಕು ದಿನದ ಮಾತು ತಾನಾಗಿ ಬಿಟ್ಟುಹೋಯಿತು. ಅಣ್ಣ ಬಿಟ್ಟುಹೋಗಲು ಬಿಟ್ಟ. ನನಗೂ ಹಾಗೇ ಹೇಳಿದ.

ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಬರೆಯುವಂಥದ್ದಲ್ಲ. ನನ್ನ ಅಪ್ಪನ ನಾಲ್ಕು ದಿನ ನೀನು ಕದ್ದೆ ಎಂದದ್ದು ಮಾತ್ರ ಬರೆಯುತ್ತೇನೆ, ಅದನ್ನು ವಾಪಸು ತೆಗೆದುಕೊಳ್ಳುವುದಿಲ್ಲ. ಕೊನೆಗೆ, ಈಗಲಾದರೂ ಆ ಡಾಕ್ಟರ್ ಹತ್ತಿರ ಹೋಗಿ ನಿಜ ಹೇಳು ಎಂದೆ.

"ಅಪ್ಪನಿಗೆ ಸ್ಟ್ರೋಕ್ ಆಗಿತ್ತು ಅಂತ ಹೇಳಿದ್ರೆ, ಎಷ್ಟು ಹೊತ್ತಿಗೆ ಆಸ್ಪತ್ರೆಗೆ ತಂದ್ರಿ ಅಂತ ಕೇಳ್ತಾರೆ. ಆಗ ಏನು ಹೇಳ್ಲಿ?"

ಅದಕ್ಕೋಸ್ಕರ ಮಾತ್ರೆ ಬಿಟ್ಟಿದ್ದಾನೆ. ಐವತ್ತೊಂದು ವರ್ಷದ ಗಂಡಸು, ಒಂದು ಪ್ರಶ್ನೆಗೆ ಹೆದರಿ ಸಾಯಲು ತಯಾರಾಗಿ ಕೂತಿದ್ದಾನೆ.

ಮಾರ್ಚ್ 2, ಶನಿವಾರ

ನಾನೇ ಮಡಿಕೇರಿಗೆ ಹೋದೆ. ಅಪ್ಪ, ಅಜ್ಜ, ಇಬ್ಬರದ್ದೂ ಹೇಳಿದೆ. ಡಾಕ್ಟರ್ ಮೊದಲೇ ಅಂದಾಜು ಮಾಡಿದ್ದರಂತೆ. ಹಳೇ ಹಾಳೆ ತೆಗೆದು ಆ ಪ್ರಶ್ನಾರ್ಥಕ ಚಿಹ್ನೆ ಹೊಡೆದುಹಾಕಿದರು.

"ತಂದೆಗೆ ಅರವತ್ತೈದರ ಒಳಗೆ ಸ್ಟ್ರೋಕ್ ಆಗಿದ್ರೆ ಮಕ್ಕಳಿಗೆ ಸಾಧ್ಯತೆ ಜಾಸ್ತಿ. ಆಗೇ ಆಗತ್ತೆ ಅಂತಲ್ಲ. ನಿಮ್ಮನೇಲಿ ಬಂದಿರೋದು ಹೆಚ್ಚಾಗಿ ರಕ್ತದೊತ್ತಡ. ಅದನ್ನ ಇಳಿಸಬಹುದು. ಊಟದಲ್ಲಿ ಉಪ್ಪು ಹೇಗೆ?"

ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಉಪ್ಪಿನಲ್ಲಿಟ್ಟ ಮಾವಿನಕಾಯಿ, ಹಪ್ಪಳ, ಸಂಡಿಗೆ. ಹೇಳುತ್ತ ಹೋದ ಹಾಗೆ ಅವರ ಹುಬ್ಬು ಏರುತ್ತ ಹೋಯಿತು. ರಕ್ತದ ಜೊತೆ ಉಪ್ಪಿನ ಭರಣಿಯೂ ತಲೆಮಾರಿಂದ ತಲೆಮಾರಿಗೆ ಬರುತ್ತದೆ ಎಂದು ಪಾಠದಲ್ಲಿ ಇಲ್ಲ.

ಆ ಎರಡೂವರೆ ಗಂಟೆ ಉಳಿಸಿದ್ದರೆ ಅಪ್ಪ ಬದುಕುತ್ತಿದ್ದರಾ ಎಂದು ಕೇಳಿದೆ. "ಗೊತ್ತಿಲ್ಲ" ಅಂದರು. ಆ ಕಾಲಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇಲ್ಲೆಲ್ಲೂ ಇರಲಿಲ್ಲ, ಇವತ್ತು ಇದೆ, ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಬೇಗ ಬಂದಷ್ಟೂ ಒಳ್ಳೆಯದು. ಗೊತ್ತಿಲ್ಲ ಅನ್ನುವುದು ಒಂದು ಉತ್ತರವೇ? ಹೌದು ಎಂದಿದ್ದರೆ ಅಣ್ಣನನ್ನು ನೆಮ್ಮದಿಯಾಗಿ ದ್ವೇಷಿಸಬಹುದಿತ್ತು.

ಹೊರಡುವಾಗ ನನ್ನ ಕೈಗೂ ಪಟ್ಟಿ ಸುತ್ತಿದರು. ನೂರ ಅರವತ್ತಾರು. ಈ ಮಿಷನ್ನನ್ನು ಯಾವ ಮಕ್ಕಳೂ ಮುಟ್ಟಿರಲಿಲ್ಲ.

ಮಾರ್ಚ್ 10, ಭಾನುವಾರ

ಅಣ್ಣನ ಜೊತೆ ಮಾತು ಬಿಟ್ಟಿದ್ದೇನೆ. ದಿನಾ ಏಳಕ್ಕೆ ದೇವಸ್ಥಾನದ ಬಾಗಿಲಲ್ಲಿ ನಿಂತು, ಮಾತ್ರೆ ಕೈಗೆ ಹಾಕಿ, ಅವನು ನುಂಗಿ ಬಾಯಿ ತೆರೆದು ತೋರಿಸುವವರೆಗೆ ಕಾದು, ಶಾಲೆಗೆ ಹೋಗುತ್ತೇನೆ. ಮೊದಲ ದಿನ ತಳ್ಳಿದ. ನಾನು ಅಲ್ಲೇ ನಿಂತೆ. ದರ್ಶನಕ್ಕೆ ಬಂದವರು ನನ್ನನ್ನು ಸುತ್ತು ಹಾಕಿಕೊಂಡು ಹೋಗಬೇಕಾಯಿತು. ಎರಡನೇ ದಿನದಿಂದ ಸುಮ್ಮನೆ ಕೈ ಚಾಚುತ್ತಾನೆ. ಇದಕ್ಕೆ ಮಾತು ಬೇಕಿಲ್ಲ.

ನನಗೆ ಬರೆದುಕೊಟ್ಟ ಮಾತ್ರೆಯನ್ನು ಕಾಫಿ ಜೊತೆ ಮುಗಿಸುತ್ತೇನೆ. ವಿಭಾ ಸೊಳೆಯ ಭರಣಿಯನ್ನು ಪಕ್ಕದ ಮನೆಗೆ ಸಾಗಿಸಿದ್ದಾಳೆ, ಊಟ ಈಗ ಆಸ್ಪತ್ರೆಯ ಊಟದಂತಿದೆ. ಹಾಸ್ಟೆಲಿನಲ್ಲಿರುವ ಹಂಸಿನಿಗೂ ಫೋನ್ ಮಾಡಿ ಎಲ್ಲ ಹೇಳಿದೆ, ತಾಲೂಕಾಸ್ಪತ್ರೆಗೆ ಹೋಗಿ ಬಿ.ಪಿ. ನೋಡಿಸಿಕೋ ಎಂದೆ. "ಅಪ್ಪ ಯಾಕೆ ನಂಗೆ ಹೇಳ್ಲಿಲ್ಲ ಅತ್ತೆ?" ಅಂದಳು. ನಿಮ್ಮಪ್ಪನನ್ನೇ ಕೇಳು ಎಂದು ಇಟ್ಟೆ.

ಮಾರ್ಚ್ 24, ಭಾನುವಾರ

ಮಿಲನ್ ಕಲ್ಲಿನ ಬರಹ ಕೇಳಲು ಬಂದ. ನಾನು ಬಾಯಿ ತೆರೆಯುವ ಮೊದಲೇ ಅಣ್ಣ ಜಗಲಿಯಿಂದ, "ಕಲ್ಲು ಬೇಡ ಮಿಲನ್. ಅಪ್ಪ ಗರ್ಭಗುಡೀಲಿ ಹೋದದ್ದಲ್ಲ" ಎಂದ. ಎಲ್ಲವನ್ನೂ ಹೇಳಿದ, ಎರಡೂವರೆ ಗಂಟೆಯನ್ನೂ.

ಮಿಲನ್ ತಲೆ ಕೆರೆದುಕೊಂಡ. "ಅಂದ್ರೆ ನಮ್ಮ ಹಿರಿಯೋರೂ ಅಲ್ಲೇ ಇದ್ರಲ್ವಾ ಭಟ್ರೇ? ನನ್ನ ತಾತನೇ ಆಗ ಅಧ್ಯಕ್ಷ." ಉತ್ತರಕ್ಕೆ ಕಾಯದೆ ಜೀಪು ಹತ್ತಿದ.

ಅಣ್ಣನಿಗೆ ಒಂದು ಲೋಟ ಕಾಫಿ ಕೊಟ್ಟೆ.

ಏಪ್ರಿಲ್ 9, ಮಂಗಳವಾರ, ಯುಗಾದಿ

ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಔಷಧಿ ಚೀಟಿಯ ಹಿಂದೆ ಬರೆಯುತ್ತಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕು.

ಹಬ್ಬದ ಜನ, ನಿಲ್ಲಲು ಜಾಗವಿರಲಿಲ್ಲ. ನಾನು ಕಂಬದ ಹತ್ತಿರ ಇದ್ದೆ. ಹನ್ನೊಂದು ಗಂಟೆಗೆ ಅಣ್ಣ ಮಂಗಳಾರತಿ ಎತ್ತಿದ. ಎರಡು ಸುತ್ತು ಸರಿಯಾಗಿ ಬಂತು, ಮೂರನೆಯದಕ್ಕೆ ತಟ್ಟೆ ವಾಲಿತು. ಎಡಗೈ ಕೊಟ್ಟು ಹಿಡಿದುಕೊಂಡ. ಒಂದು ಗಳಿಗೆ ದೇವರ ಕಡೆ ನೋಡಿದ. ಆಮೇಲೆ ಉರಿಯುತ್ತಿದ್ದ ಆರತಿಯನ್ನು ಪೀಠದ ಪಕ್ಕ ಕೆಳಗಿಟ್ಟ. ಜನ ಇನ್ನೂ ಕೈ ಮುಗಿದುಕೊಂಡೇ ಇದ್ದರು. ಬಲಗಾಲು ಎಳೆಯುತ್ತ, ಬಾಗಿಲ ಚೌಕಟ್ಟು ಹಿಡಿದುಕೊಂಡು ಹೊಸ್ತಿಲು ದಾಟಿದ. ನನ್ನನ್ನು ಹುಡುಕಿದ.

"ಕಾತಿ. ಆಸ್ಪತ್ರೆ." ಅಷ್ಟೇ ಬಂತು, ಅದೂ ತೊದಲು.

ಈಗಿನ ಅಧ್ಯಕ್ಷರು ಮುಂದಿನ ಸಾಲಿನಲ್ಲಿದ್ದರು. "ಐದು ನಿಮಿಷ ಭಟ್ರೇ, ಆರತಿ ಒಂದು ಮುಗಿಸಿಬಿಡಿ, ಹಬ್ಬದ ದಿನ ಅರ್ಧಕ್ಕೆ ಬಿಟ್ರೆ ಊರಿಗೇ ಒಳ್ಳೇದಲ್ಲ" ಎಂದರು. ಇದನ್ನು ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನಿಗೆ ಹೇಳಿದ್ದು. ಅವನ ಬಾಯಿ ಸೊಟ್ಟಗಾದದ್ದು ಕಣ್ಣೆದುರಿಗೇ ಕಾಣುತ್ತಿತ್ತು.

ಅಣ್ಣ ಇಲ್ಲ ಎಂದು ತಲೆಯಾಡಿಸಿದ. ಮಿಲನ್ ಅಷ್ಟರಲ್ಲಿ ಜೀಪು ಮೆಟ್ಟಿಲ ಹತ್ತಿರಕ್ಕೇ ತಂದಿದ್ದ. ಹನ್ನೆರಡು ಇಪ್ಪತ್ತಕ್ಕೆ ಇಲ್ಲಿಗೆ ಬಂದೆವು. ಬಾಗಿಲಲ್ಲೇ ನಾನು ಗಟ್ಟಿಯಾಗಿ ಹೇಳಿದೆ: ಶುರುವಾದದ್ದು ಹನ್ನೊಂದು ಗಂಟೆಗೆ, ಜನವರಿಯಲ್ಲಿ ಒಮ್ಮೆ ಆಗಿದೆ, ಅಪ್ಪನಿಗೆ ಐವತ್ತೆರಡಕ್ಕೆ, ಅಜ್ಜನಿಗೆ ಐವತ್ತನಾಲ್ಕಕ್ಕೆ. ಸ್ಕ್ಯಾನ್ ಮಾಡಿದರು. ಒಂದು ಗಂಟೆ ಐದಕ್ಕೆ ಇಂಜೆಕ್ಷನ್ ಹೋಯಿತು.

ಮಾತ್ರೆ ನುಂಗಿಯೂ ಯಾಕೆ ಆಯಿತು ಎಂದು ಜಗಳಕ್ಕೆ ನಿಂತೆ. ಮಾತ್ರೆ ಸಾಧ್ಯತೆ ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ, ವರ್ಷಗಟ್ಟಲೆ ಏರಿದ್ದು ಒಂದು ತಿಂಗಳಿಗೆ ಇಳಿಯುವುದಿಲ್ಲ ಅಂದರು ಡಾಕ್ಟರ್. ಇನ್ನೆರಡು ದಿನ ಏನೂ ಹೇಳಲಾಗದಂತೆ. ವಿಭಾ ನನ್ನ ಹೆಗಲ ಮೇಲೆ ತಲೆಯಿಟ್ಟು ಕೂತಿದ್ದಾಳೆ. ಅವನು ಸಾಯಬಾರದು. ನಾನು ಅವನ ಜೊತೆ ಇನ್ನೂ ಮಾತು ಬಿಟ್ಟಿದ್ದೇನೆ, ಹಾಗೆ ಸಾಯುವಂತಿಲ್ಲ.

ಏಪ್ರಿಲ್ 11, ಗುರುವಾರ

ಅಣ್ಣನನ್ನು ವಾರ್ಡಿಗೆ ಹಾಕಿದ್ದಾರೆ. ಮಾತು ದಪ್ಪಗೆ ಬರುತ್ತದೆ, ಬಲಗಾಲು ಮಡಚುತ್ತಾನೆ. ಬಲಗೈ ನಿನ್ನೆಯವರೆಗೂ ಪಕ್ಕದಲ್ಲಿ ಬೇರೆ ಯಾರದ್ದೋ ಎಂಬಂತೆ ಬಿದ್ದಿತ್ತು. ನಾನು ಬೆಳಗಿಂದ ಬಯ್ಯುತ್ತಲೇ ಇದ್ದೇನೆ, ಗಂಜಿ ಚೆಲ್ಲಿದ್ದಕ್ಕೆ, ಹೊದಿಕೆ ಒದೆದದ್ದಕ್ಕೆ.

ಮಧ್ಯಾಹ್ನ ಅಧ್ಯಕ್ಷರ ಫೋನು. ಅಣ್ಣ ಹೇಗಿದ್ದಾನೆ ಎಂದು ಒಂದು ಸಾಲು ಕೇಳಿದರು. ಆಮೇಲೆ ವಿಷಯಕ್ಕೆ ಬಂದರು. ದೇವಸ್ಥಾನದ ಬಾಗಿಲು ಅವತ್ತಿಂದ ಹಾಕಿದ್ದಾರೆ. ಅರ್ಧಕ್ಕೆ ನಿಂತ ಮಂಗಳಾರತಿಗೆ ಏನು ಪ್ರಾಯಶ್ಚಿತ್ತ ಎಂದು ಭಟ್ಟರೇ ಹೇಳಬೇಕಂತೆ, ಊರಿನವರಿಗೆ ಬಹಳ ಬೇಸರವಾಗಿದೆಯಂತೆ.

"ನಿಮ್ಮ ಮನೆತನದಲ್ಲಿ ಇದುವರೆಗೆ ಯಾರೂ ಪೂಜೆ ಅರ್ಧಕ್ಕೆ ಬಿಟ್ಟವರಲ್ಲ ಟೀಚರೇ."

"ಇಲ್ಲ," ಎಂದೆ. "ಇವನೊಬ್ಬ ಬಿಟ್ಟ. ಇವನೊಬ್ಬ ಬದುಕಿದ."

ಅವರು ಇನ್ನೂ ಏನೋ ಹೇಳುತ್ತಿದ್ದರು, ನಾನು ಇಟ್ಟೆ. ವಾರ್ಡಿನಲ್ಲಿ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಮಾತಾಡಿದ್ದೆ ಅಂತ ಕಾಣುತ್ತದೆ. ತಿರುಗಿ ನೋಡಿದರೆ ಅಣ್ಣನ ಕಣ್ಣಿಂದ ನೀರು ಕಿವಿಯ ಕಡೆಗೆ ಹರಿಯುತ್ತಿತ್ತು. ಒರೆಸಿಕೊಳ್ಳಲು ಕೈ ಎತ್ತಿದ, ಗಲ್ಲದವರೆಗೆ ಬಂದು ನಿಂತಿತು. ಅದು ಬಲಗೈ ಎಂದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ನರ್ಸನ್ನು ಕೂಗುತ್ತ ಓಡಿದೆ.